ಅಚೌರ್ಯವ್ರತ, ಗ್ರಂಥಸ್ವಾಮ್ಯ ಮತ್ತು ಕೃತಕ ಬುದ್ಧಿಮತ್ತೆ

ಶ್ರಾವಕನು ಪಾಲಿಸಬೇಕಾದ ಐದು ಅಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯವು ವ್ಯಾಪಾರ ವೃತ್ತಿಯಲ್ಲಿರುವವರಿಗೆ ದಿನನಿತ್ಯವೂ ಎದುರಾಗತಕ್ಕ ವ್ರತವಾಗಿದೆ. ಅದರ ಸ್ವರೂಪವನ್ನು ಆಚಾರ್ಯರು ‘ಅದತ್ತಾದಾನ’ವೆಂಬ ಒಂದೇ ಪದದಲ್ಲಿ ಅಡಗಿಸಿದ್ದಾರೆ. ಒಡೆಯನು ಕೊಡದೆ ಇರುವುದನ್ನು ಸ್ವೀಕರಿಸುವುದೇ ದೋಷ. ಅಕ್ಕಿಯ ಮೂಟೆ, ಬಟ್ಟೆಯ ಗಂಟು, ಬಂಗಾರದ ಒಡವೆ ಇವುಗಳ ವಿಷಯದಲ್ಲಿ ಈ ವಿವೇಚನೆ ಸುಲಭ. ಒಬ್ಬನು ಒಯ್ದರೆ ಇನ್ನೊಬ್ಬನಿಗೆ ಅದು ಇಲ್ಲವಾಗುತ್ತದೆ. ಆದರೆ ಒಂದು ಕಾವ್ಯವನ್ನೋ ಕಥೆಯನ್ನೋ ವ್ಯಾಖ್ಯಾನವನ್ನೋ ಒಬ್ಬನು ನಕಲು ಮಾಡಿಕೊಂಡರೆ ಮೂಲವು ಕರ್ತೃವಿನ ಬಳಿಯಲ್ಲಿಯೇ ಉಳಿದಿರುತ್ತದೆ. ಹಾಗಾದರೆ ಅಲ್ಲಿ ಅದತ್ತಾದಾನವೆಂಬುದು ಉಂಟೆ? ಉಂಟಾದರೆ ಅದು ನಕಲು ಮಾಡುವುದರಲ್ಲಿದೆಯೋ, ಓದುವುದರಲ್ಲಿದೆಯೋ, ಮಾರುವುದರಲ್ಲಿದೆಯೋ?

ಮುದ್ರಣಯಂತ್ರವು ಬಂದ ಮೇಲೆ ಐರೋಪ್ಯ ದೇಶಗಳಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಇಂದು ಲಕ್ಷಾಂತರ ಗ್ರಂಥಗಳನ್ನು ಕಂಪ್ಯೂಟರಿಗೆ ಉಣಿಸಿ, ಅದರಿಂದ ಬರೆಯಬಲ್ಲ ಯಂತ್ರವನ್ನು ಸಿದ್ಧಪಡಿಸುವ ಕಂಪನಿಗಳಿಂದಾಗಿ ಅದೇ ಪ್ರಶ್ನೆ ಮತ್ತೊಮ್ಮೆ ತಲೆಯೆತ್ತಿದೆ. ಇದರ ಇತಿಹಾಸವನ್ನು ಅರಿಯುವುದು ಗ್ರಂಥಭಂಡಾರಗಳನ್ನು ರಕ್ಷಿಸುತ್ತಿರುವ ಬಸದಿಗಳ ಟ್ರಸ್ಟುಗಳಿಗೂ, ಗ್ರಂಥ ಪ್ರಕಟಣೆಗೆ ದಾನ ನೀಡುವ ಶ್ರಾವಕ ಕುಟುಂಬಗಳಿಗೂ ಅವಶ್ಯಕವಾಗಿದೆ.

ಮುದ್ರಣದ ಮೊದಲ ಕಾನೂನು

ಇಂಗ್ಲೆಂಡಿನಲ್ಲಿ ಪುಸ್ತಕ ಮುದ್ರಿಸುವ ಅಧಿಕಾರವು ಬಹುಕಾಲ ಲಂಡನ್ನಿನ ಸ್ಟೇಷನರ್ಸ್ ಕಂಪನಿಯೆಂಬ ವರ್ತಕರ ಶ್ರೇಣಿಯ ಕೈಯಲ್ಲಿತ್ತು. ಈ ಶ್ರೇಣಿಗೆ 1557ರಲ್ಲಿ ರಾಜಸನ್ನದು ದೊರೆತಿತ್ತು. ಆಗ ಹಕ್ಕು ಇದ್ದುದು ಮುದ್ರಕನಿಗೇ ಹೊರತು ಬರೆದವನಿಗಲ್ಲ. 1710ರಲ್ಲಿ ರಾಣಿ ಆ್ಯನಳ ಕಾಲದ ಶಾಸನವು ಈ ಪದ್ಧತಿಯನ್ನು ಬದಲಾಯಿಸಿ, ಹೊಸ ಗ್ರಂಥದ ಹಕ್ಕನ್ನು ಮೊದಲಿಗೆ ಕರ್ತೃವಿಗೆ ಕೊಟ್ಟಿತು. ಅವಧಿ 14 ವರ್ಷ. ಕರ್ತೃವು ಅಷ್ಟರಲ್ಲಿ ಬದುಕಿದ್ದರೆ ಇನ್ನೂ 14 ವರ್ಷ. ವಿದ್ಯೆಯ ಪ್ರಸಾರಕ್ಕಾಗಿಯೇ ಈ ಹಕ್ಕು ಎಂಬ ಉದ್ದೇಶವನ್ನು ಆ ಶಾಸನವು ತನ್ನ ಶೀರ್ಷಿಕೆಯಲ್ಲಿಯೇ ಸಾರಿತ್ತು.

ಲಂಡನ್ನಿನ ಪುಸ್ತಕ ವ್ಯಾಪಾರಿಗಳು ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. ಗ್ರಂಥವು ಹೊಲಮನೆಗಳಂತೆ ಶಾಶ್ವತ ಸ್ವತ್ತು ಎಂಬುದು ಅವರ ವಾದವಾಗಿತ್ತು. ಎಡಿನ್‌ಬರೋದ ಅಲೆಕ್ಸಾಂಡರ್ ಡೊನಾಲ್ಡ್‌ಸನ್ ಎಂಬ ವರ್ತಕನು ಅವಧಿ ಮುಗಿದ ಗ್ರಂಥಗಳನ್ನು ಅಗ್ಗದ ಬೆಲೆಯಲ್ಲಿ ಅಚ್ಚು ಮಾಡಿಸಿ ಮಾರುತ್ತಿದ್ದನು. ಅವನ ಮೇಲಿನ ವ್ಯಾಜ್ಯದಲ್ಲಿ 1774ರಲ್ಲಿ ಇಂಗ್ಲೆಂಡಿನ ಪ್ರಭುಸಭೆಯು ಶಾಶ್ವತ ಹಕ್ಕಿನ ವಾದವನ್ನು ತಳ್ಳಿಹಾಕಿತು. ಗ್ರಂಥಸ್ವಾಮ್ಯವು ಕಾಲಮಿತಿಯುಳ್ಳದ್ದು, ಅವಧಿಯು ತೀರಿದ ಬಳಿಕ ಕೃತಿಯು ಲೋಕದ ಸ್ವತ್ತು ಎಂಬ ತತ್ತ್ವ ಅಲ್ಲಿಂದ ಗಟ್ಟಿಯಾಯಿತು. ಕರ್ತೃವಿನ ಜೀವನೋಪಾಯ ಮತ್ತು ಲೋಕದ ಜ್ಞಾನಲಾಭ ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಪ್ರಯತ್ನವು ಈ ಕಾನೂನಿನ ಮೂಲದಲ್ಲಿಯೇ ಇದೆಯೆಂಬುದು ಗಮನಾರ್ಹ.

ಸ್ವದೇಶದ ಲೇಖಕರಿಗೆ ಹಕ್ಕು ಕೊಟ್ಟ ರಾಷ್ಟ್ರಗಳು ಪರದೇಶದವರಿಗೆ ಕೂಡಲೇ ಕೊಡಲಿಲ್ಲ. ಅಮೆರಿಕದ 1790ರ ಕಾನೂನು ತನ್ನ ಪ್ರಜೆಗಳಿಗೂ ನಿವಾಸಿಗಳಿಗೂ ಮಾತ್ರ ರಕ್ಷಣೆ ನೀಡಿತು. ಇಂಗ್ಲಿಷ್ ಕಾದಂಬರಿಗಳನ್ನು ಅಲ್ಲಿನ ಮುದ್ರಕರು ನಿರಾತಂಕವಾಗಿ ಅಚ್ಚು ಹಾಕಿ ಲಾಭ ಗಳಿಸಿದರು. ಚಾರ್ಲ್ಸ್ ಡಿಕನ್ಸ್ 1842ರಲ್ಲಿ ಅಮೆರಿಕದ ಪ್ರವಾಸದಲ್ಲಿ ಈ ಅನ್ಯಾಯವನ್ನು ಬಹಿರಂಗವಾಗಿ ಎತ್ತಿ ಆಡಿ, ಅಲ್ಲಿನ ಪತ್ರಿಕೆಗಳ ಕೋಪಕ್ಕೆ ಗುರಿಯಾದನು. ಪರದೇಶದ ಲೇಖಕರಿಗೆ ಅಮೆರಿಕದಲ್ಲಿ ರಕ್ಷಣೆ ದೊರೆತದ್ದು 1891ರಲ್ಲಿ. ಸುಮಾರು 100 ವರ್ಷಗಳ ಆ ವ್ಯಾಪಾರವು ಕಾನೂನಿಗೆ ವಿರುದ್ಧವಾಗಿರಲಿಲ್ಲ. ಆದರೆ ಕಾನೂನು ತಡೆಯದ ಮಾತ್ರಕ್ಕೆ ಅದು ದತ್ತವಾದದ್ದೂ ಆಗಿರಲಿಲ್ಲ. ರಾಜಶಾಸನಕ್ಕೂ ವ್ರತಕ್ಕೂ ಇರುವ ಅಂತರವು ಇಲ್ಲಿ ಸ್ಪಷ್ಟವಾಗುತ್ತದೆ.

ಯಂತ್ರ ಬಂದಾಗಲೆಲ್ಲ ಅದೇ ವಾದ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ತೂತು ಕೊರೆದ ಕಾಗದದ ಸುರುಳಿಯನ್ನು ತಿರುಗಿಸಿದರೆ ತಾನಾಗಿಯೇ ನುಡಿಯುವ ಪಿಯಾನೊ ವಾದ್ಯಗಳು ಅಮೆರಿಕದಲ್ಲಿ ಜನಪ್ರಿಯವಾದವು. ಸ್ವರಲಿಪಿಯ ಪುಸ್ತಕ ಪ್ರಕಟಿಸುತ್ತಿದ್ದ ವೈಟ್-ಸ್ಮಿತ್ ಕಂಪನಿಯು ಸುರುಳಿ ತಯಾರಕರಾದ ಅಪೊಲೊ ಕಂಪನಿಯ ಮೇಲೆ ದಾವೆ ಹೂಡಿತು. ಸುರುಳಿಯನ್ನು ಮನುಷ್ಯನು ಕಣ್ಣಿನಿಂದ ಓದಲಾರನು. ಆದ್ದರಿಂದ ಅದು ಸ್ವರಲಿಪಿಯ ನಕಲಲ್ಲ, ಯಂತ್ರದ ಒಂದು ಭಾಗವಷ್ಟೇ ಎಂದು 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಸಂಗೀತ ರಚನಕಾರರು ಸೋತರು. ಆದರೆ ಮರುವರ್ಷವೇ, ಅಂದರೆ 1909ರಲ್ಲಿ, ಶಾಸನಸಭೆಯು ಹೊಸ ಕಾನೂನು ಮಾಡಿ ಒಂದು ಮಧ್ಯಮಾರ್ಗವನ್ನು ಕಂಡುಹಿಡಿಯಿತು. ಒಮ್ಮೆ ರಚನಕಾರನ ಅನುಮತಿಯಿಂದ ಸುರುಳಿಯಾದ ಗೀತವನ್ನು ಯಾರು ಬೇಕಾದರೂ ಸುರುಳಿ ಮಾಡಬಹುದು. ಆದರೆ ಪ್ರತಿಯೊಂದು ಸುರುಳಿಗೂ ರಚನಕಾರನಿಗೆ 2 ಸೆಂಟ್ ಸಲ್ಲಬೇಕು. ಯಂತ್ರವು ನಿಲ್ಲಲಿಲ್ಲ, ಕರ್ತೃವೂ ಬರಿಗೈಯಲ್ಲಿ ಉಳಿಯಲಿಲ್ಲ.

ಭಾರತದಲ್ಲಿ ಮೊದಲ ಗ್ರಂಥಸ್ವಾಮ್ಯ ಶಾಸನವು ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿ 1847ರಲ್ಲಿ ಬಂದಿತು. ಬಳಿಕ 1914ರ ಶಾಸನ. ಸ್ವತಂತ್ರ ಭಾರತದ 1957ರ ಅಧಿನಿಯಮವು 1958ರ ಜನವರಿ 21ರಿಂದ ಜಾರಿಗೆ ಬಂದು, ತಿದ್ದುಪಡಿಗಳೊಡನೆ ಇಂದಿಗೂ ನಡೆಯುತ್ತಿದೆ. ಅದರಲ್ಲಿ ಕರ್ತೃವಿನ ಮರಣಾನಂತರ 50 ವರ್ಷವಿದ್ದ ಅವಧಿಯು ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯುವ ಸಂದರ್ಭದಲ್ಲಿ, 1992ರ ತಿದ್ದುಪಡಿಯಿಂದ 60 ವರ್ಷಕ್ಕೆ ಏರಿತು. ಇದೇ ಅಧಿನಿಯಮದ 52ನೆಯ ಕಲಮು ಸ್ವಂತ ಅಧ್ಯಯನ, ಸಂಶೋಧನೆ, ವಿಮರ್ಶೆ, ಬೋಧನೆ ಮುಂತಾದವುಗಳಿಗೆ ವಿನಾಯಿತಿ ನೀಡಿದೆ. ದೆಹಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗೆ ಪಾಠದ ಪುಟಗಳನ್ನು ನೆರಳಚ್ಚು ಮಾಡಿಕೊಡುತ್ತಿದ್ದ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು 2012ರಲ್ಲಿ ಹೂಡಿದ ದಾವೆಯನ್ನು ದೆಹಲಿ ಹೈಕೋರ್ಟು 2016ರಲ್ಲಿ ವಜಾ ಮಾಡಿದ್ದು ಈ ವಿನಾಯಿತಿಯ ಬಲದಿಂದಲೇ. ಬೋಧನೆಗೆ ಬೇಕಾದಷ್ಟನ್ನು ನಕಲು ಮಾಡುವುದು ಅಪರಾಧವಲ್ಲವೆಂಬುದು ಅದರ ಸಾರ.

ಅಮೆರಿಕದಲ್ಲಿ ಗೂಗಲ್ ಕಂಪನಿಯು ಗ್ರಂಥಾಲಯಗಳ ಎರಡು ಕೋಟಿಗೂ ಹೆಚ್ಚು ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಪದಗಳನ್ನು ಹುಡುಕಲು ಅನುವು ಮಾಡಿಕೊಟ್ಟಿತು. ಲೇಖಕರು 2005ರಲ್ಲಿ ಹೂಡಿದ ದಾವೆಯು 2015ರಲ್ಲಿ ಗೂಗಲ್ಲಿನ ಪರವಾಯಿತು. ಪುಸ್ತಕವನ್ನೇ ಓದುಗನ ಕೈಗೆ ಕೊಡದೆ ಕೆಲವೇ ಸಾಲುಗಳನ್ನು ತೋರಿಸುತ್ತಿದ್ದುದರಿಂದ ಅದು ನ್ಯಾಯವಾದ ಬಳಕೆಯೆನಿಸಿತು. ಮುಂದಿನ ವ್ಯಾಜ್ಯಗಳಲ್ಲಿ ಕಂಪನಿಗಳ ಪರ ವಕೀಲರು ಆಧಾರವಾಗಿ ಹಿಡಿದದ್ದು ಈ ತೀರ್ಪನ್ನೇ.

ಬರೆಯುವ ಯಂತ್ರದ ವ್ಯಾಜ್ಯ

ಕೃತಕ ಬುದ್ಧಿಮತ್ತೆಯ ಭಾಷಾಯಂತ್ರವು ಗ್ರಂಥಗಳನ್ನು ಕಪಾಟಿನಲ್ಲಿ ಜೋಡಿಸಿಟ್ಟಂತೆ ಇಟ್ಟುಕೊಳ್ಳುವುದಿಲ್ಲ. ಕೋಟ್ಯಂತರ ವಾಕ್ಯಗಳನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು, ಯಾವ ತುಣುಕಿನ ಮುಂದೆ ಯಾವುದು ಬರುವ ಸಂಭವ ಎಷ್ಟು ಎಂಬ ಲೆಕ್ಕವನ್ನು ಅಸಂಖ್ಯಾತ ಅಂಕಿಗಳಲ್ಲಿ ಹಿಡಿದಿಡುತ್ತದೆ. ಆ ಲೆಕ್ಕದಿಂದ ಹೊಸ ವಾಕ್ಯಗಳನ್ನು ರಚಿಸುತ್ತದೆ. ಈ ಅಭ್ಯಾಸಕ್ಕೆ ‘ತರಬೇತಿ’ ಎಂಬ ಹೆಸರು ಬಂದಿದೆ. ಆದರೆ ತರಬೇತಿಗೆ ಮುಂಚೆ ಗ್ರಂಥದ ಪೂರ್ಣ ಪ್ರತಿಯೊಂದು ಕಂಪನಿಯ ಕೈಗೆ ಬಂದಿರಲೇಬೇಕು. ಆ ಪ್ರತಿಯು ಎಲ್ಲಿಂದ ಬಂದಿತು? ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ, ಮಾಲು ಬಂದುದಕ್ಕೆ ಖರೀದಿಯ ಬಿಲ್ಲು ಇದೆಯೇ?

ಆ್ಯಂಡ್ರಿಯಾ ಬಾರ್ಟ್ಸ್, ಚಾರ್ಲ್ಸ್ ಗ್ರೇಬರ್, ಕರ್ಕ್ ವಾಲೆಸ್ ಜಾನ್ಸನ್ ಎಂಬ ಮೂವರು ಲೇಖಕರು ಆಂಥ್ರೋಪಿಕ್ ಕಂಪನಿಯ ಮೇಲೆ 2024ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ಹೂಡಿದ ವ್ಯಾಜ್ಯದಲ್ಲಿ ಈ ಪ್ರಶ್ನೆಯೇ ನಿರ್ಣಾಯಕವಾಯಿತು. ಕಂಪನಿಯು ಎರಡು ದಾರಿಗಳಿಂದ ಗ್ರಂಥಗಳನ್ನು ಪಡೆದಿತ್ತು. ಒಂದು, ಅಂತರಜಾಲದಲ್ಲಿ ಅನಧಿಕೃತ ಪ್ರತಿಗಳನ್ನು ಹಂಚುವ ಕಳ್ಳ ಭಂಡಾರಗಳಿಂದ ಇಳಿಸಿಕೊಂಡ 70 ಲಕ್ಷಕ್ಕೂ ಹೆಚ್ಚು ಪ್ರತಿಗಳು. ಇನ್ನೊಂದು, ಅನಂತರ ಹಣ ಕೊಟ್ಟು ಕೊಂಡ ಲಕ್ಷಾಂತರ ಮುದ್ರಿತ ಪುಸ್ತಕಗಳು; ಅವುಗಳ ರಟ್ಟು ಬಿಚ್ಚಿ, ಪುಟಗಳನ್ನು ಸ್ಕ್ಯಾನ್ ಮಾಡಿ, ಕಾಗದವನ್ನು ವಿಲೇವಾರಿ ಮಾಡಲಾಗಿತ್ತು.

ನ್ಯಾಯಾಧೀಶ ವಿಲಿಯಂ ಆಲ್ಸಪ್ ಅವರು 2025ರ ಜೂನ್ 23ರ ಆದೇಶದಲ್ಲಿ ಈ ಎರಡನ್ನೂ ಬೇರ್ಪಡಿಸಿ ನೋಡಿದರು. ಗ್ರಂಥಗಳಿಂದ ಯಂತ್ರಕ್ಕೆ ತರಬೇತಿ ಕೊಡುವುದು ಮೂಲದ ಸ್ವರೂಪವನ್ನೇ ಬದಲಾಯಿಸುವ ಬಳಕೆಯಾದುದರಿಂದ ಅದು ನ್ಯಾಯವಾದುದು. ಶಾಲೆಯ ಮಕ್ಕಳು ಒಳ್ಳೆಯ ಬರಹಗಳನ್ನು ಓದಿ ಬರೆಯಲು ಕಲಿಯುವುದಕ್ಕೆ ಅದು ಹೋಲುತ್ತದೆ ಎಂಬುದು ಅವರ ಅಭಿಪ್ರಾಯ. ಕೊಂಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದ್ದೂ ಸರಿ. ಆದರೆ ಕಳ್ಳ ಭಂಡಾರದ ಪ್ರತಿಗಳನ್ನು ತಂದು ಕಾಯಂ ಗ್ರಂಥಾಲಯವಾಗಿ ಇಟ್ಟುಕೊಂಡದ್ದು ಸರಿಯಲ್ಲ. ಮುಂದಿನ ಬಳಕೆ ಎಷ್ಟೇ ಒಳ್ಳೆಯದಾದರೂ, ಆಮೇಲೆ ಅದೇ ಪುಸ್ತಕವನ್ನು ಹಣ ಕೊಟ್ಟು ಕೊಂಡರೂ, ಮೊದಲಿನ ದೋಷ ಅಳಿಸುವುದಿಲ್ಲವೆಂದು ಅವರು ಅಭಿಪ್ರಾಯಪಟ್ಟರು.

ಅಮೆರಿಕದ ಕಾನೂನಿನಲ್ಲಿ ಬುದ್ಧಿಪೂರ್ವಕ ಉಲ್ಲಂಘನೆಗೆ ಒಂದೊಂದು ಕೃತಿಗೂ 1,50,000 ಡಾಲರಿನವರೆಗೆ ದಂಡ ವಿಧಿಸಲು ಅವಕಾಶವಿದೆ. ವಿಚಾರಣೆಗೆ ಮುಂಚೆಯೇ ಕಂಪನಿಯು ರಾಜಿಗೆ ಒಪ್ಪಿತು. 150 ಕೋಟಿ ಡಾಲರುಗಳ ಈ ರಾಜಿಗೆ 2025ರ ಸೆಪ್ಟೆಂಬರ್ 25ರಂದು ನ್ಯಾಯಾಲಯವು ಪ್ರಾಥಮಿಕ ಅನುಮೋದನೆ ನೀಡಿತು. ಪಟ್ಟಿಗೆ ಸೇರಿದ ಕೃತಿಗಳು ಸುಮಾರು 4,82,000. ಕೃತಿಯೊಂದಕ್ಕೆ ಸುಮಾರು 3,000 ಡಾಲರು. ಕಳ್ಳ ಭಂಡಾರದಿಂದ ಬಂದ ಪ್ರತಿಗಳನ್ನು ನಾಶಪಡಿಸಬೇಕೆಂಬುದೂ ಒಪ್ಪಂದದಲ್ಲಿದೆ. ಇದು ಹಿಂದಿನ ತಪ್ಪಿನ ಲೆಕ್ಕ ತೀರುವಳಿಯೇ ಹೊರತು ಮುಂದಿನ ಬಳಕೆಗೆ ಕೊಟ್ಟ ಪರವಾನಗಿಯಲ್ಲ.

ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆಯೆಂಬುದು ಸ್ವಾಧ್ಯಾಯ ನಿರತರಿಗೆ ವಿದಿತವೇ ಆಗಿದೆ. ಅವುಗಳಲ್ಲಿ ಎರಡನೆಯದು ‘ತದಾಹೃತಾದಾನ’. ಕಳ್ಳನು ತಂದ ಮಾಲನ್ನು ಕೊಳ್ಳುವುದು. ತಾನು ಕದಿಯಲಿಲ್ಲ, ಬೇರೆಯವರು ತಂದಿಟ್ಟದ್ದನ್ನು ತೆಗೆದುಕೊಂಡೆ ಎಂಬ ಸಮಾಧಾನಕ್ಕೆ ಅಲ್ಲಿ ಅವಕಾಶವಿಲ್ಲ. ಅಮೆರಿಕದ ನ್ಯಾಯಾಧೀಶರು ತಮ್ಮ ದೇಶದ ಕಾನೂನಿನ ದಾರಿಯಿಂದ ಬಂದು ನಿಂತ ಜಾಗವು ಇದಕ್ಕೆ ಬಹು ಸಮೀಪವಾಗಿದೆ. ಅವರು ಓದುವುದನ್ನು ದೂಷಿಸಲಿಲ್ಲ, ಕಲಿಯುವುದನ್ನು ತಡೆಯಲಿಲ್ಲ. ಪ್ರತಿಯು ಯಾವ ಬಾಗಿಲಿನಿಂದ ಒಳಗೆ ಬಂದಿತೆಂದು ಕೇಳಿದರು.

ಆದರೆ ಇಷ್ಟರಿಂದ ಪ್ರಶ್ನೆ ಮುಗಿಯುವುದಿಲ್ಲ. ಅದೇ ಜೂನ್ 25ರಂದು ಅದೇ ಪ್ರಾಂತದ ಇನ್ನೊಬ್ಬ ನ್ಯಾಯಾಧೀಶ ವಿನ್ಸ್ ಛಾಬ್ರಿಯಾ ಅವರು ಮೆಟಾ ಕಂಪನಿಯ ವ್ಯಾಜ್ಯದಲ್ಲಿ, ಲೇಖಕರು ತಕ್ಕ ಸಾಕ್ಷ್ಯ ಒದಗಿಸಲಿಲ್ಲವೆಂದು ಕಂಪನಿಯ ಪರವಾಗಿ ತೀರ್ಪಿತ್ತರೂ, ಶಾಲಾ ಮಕ್ಕಳ ಹೋಲಿಕೆಯನ್ನು ಒಪ್ಪಲಿಲ್ಲ. ಓದಿ ಕಲಿತ ಮಗುವು ಮುಂದೆ ಕೆಲವು ಪುಸ್ತಕಗಳನ್ನು ಬರೆಯಬಹುದು. ಯಂತ್ರವಾದರೋ ಕ್ಷಣಮಾತ್ರದಲ್ಲಿ ಮಾರುಕಟ್ಟೆಯನ್ನು ತುಂಬಿಬಿಡಬಲ್ಲದು. ಆ ಪೈಪೋಟಿಯಿಂದ ಮೂಲ ಲೇಖಕರ ಗಳಿಕೆಯೇ ಕುಸಿದರೆ ಅನೇಕ ಸಂದರ್ಭಗಳಲ್ಲಿ ಅನುಮತಿಯಿಲ್ಲದ ತರಬೇತಿಯು ಕಾನೂನುಬಾಹಿರವಾಗುತ್ತದೆಂದು ಅವರು ಸೂಚಿಸಿದರು. ಬಿಲ್ಲು ಇದ್ದ ಮಾತ್ರಕ್ಕೆ ವ್ಯವಹಾರವೆಲ್ಲ ಶುದ್ಧವಾಯಿತೆಂದು ಹೇಳಲಾಗದು ಎಂಬುದನ್ನು ವರ್ತಕರು ಬಲ್ಲರು.

ಭಾರತದಲ್ಲಿಯೂ ಎ.ಎನ್.ಐ. ಸುದ್ದಿಸಂಸ್ಥೆಯು ಓಪನ್ ಎ.ಐ. ಕಂಪನಿಯ ಮೇಲೆ 2024ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿತು. ಕೇಂದ್ರ ಸರ್ಕಾರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯು ನೇಮಿಸಿದ ಸಮಿತಿಯು 2025ರ ಡಿಸೆಂಬರಿನಲ್ಲಿ ಒಂದು ಪ್ರಸ್ತಾವವನ್ನು ಮುಂದಿಟ್ಟಿತು. ಕಾನೂನುಬದ್ಧವಾಗಿ ಪಡೆದ ಕೃತಿಗಳನ್ನು ತರಬೇತಿಗೆ ಬಳಸಲು ಕಂಪನಿಗಳಿಗೆ ಕಡ್ಡಾಯ ಪರವಾನಗಿ. ಅದಕ್ಕೆ ಪ್ರತಿಯಾಗಿ ಕರ್ತೃಗಳಿಗೆ ಸಂಭಾವನೆ. ಕರ್ತೃವು ಬೇಡವೆಂದು ಹೇಳುವ ಅವಕಾಶ ಆ ಪ್ರಸ್ತಾವದಲ್ಲಿಲ್ಲ. 1909ರ ಪಿಯಾನೊ ಸುರುಳಿಯ 2 ಸೆಂಟಿನ ಮಾರ್ಗವೇ ಇಲ್ಲಿ ಹೊಸ ರೂಪದಲ್ಲಿ ಕಾಣುತ್ತದೆ. ಹಣ ಬಂದರೂ ಸಮ್ಮತಿ ಇಲ್ಲದಿದ್ದರೆ ಅದು ‘ದತ್ತ’ವೇ ಎಂಬುದು ಮಾತ್ರ ಚಿಂತನೀಯ.

ಶಾಸ್ತ್ರದಾನದ ಪರಂಪರೆ ಮತ್ತು ಧವಲದ ಪ್ರತಿಗಳು

ಇಲ್ಲಿ ಒಂದು ಆಕ್ಷೇಪ ಸಹಜ. ಜ್ಞಾನವು ಹಂಚಿದಷ್ಟೂ ಬೆಳೆಯುವ ವಸ್ತು. ಶಾಸ್ತ್ರದಾನವನ್ನು ಮಹಾದಾನವೆಂದ ಸಮಾಜಕ್ಕೆ ಗ್ರಂಥಸ್ವಾಮ್ಯದ ಗೊಡವೆ ಏಕೆ? ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಆಕೆ ಯಾರಿಂದ ಪರವಾನಗಿ ಪಡೆದಿದ್ದಳು?

ಆಕ್ಷೇಪದಲ್ಲಿ ಹುರುಳಿದೆ. ಆದರೆ ಆ ದಾನದ ಸ್ವರೂಪವನ್ನು ಪರಿಶೀಲಿಸಬೇಕು. ಓಲೆಯನ್ನು ಸಂಗ್ರಹಿಸಿದ ವೆಚ್ಚ, ಲಿಪಿಕಾರರ ಶ್ರಮದ ವೆಚ್ಚ ದಾನಿಯದು. ಪ್ರತಿಗಳಿಂದ ಆಕೆಗೆ ಬಂದ ಲಾಭ ಪುಣ್ಯವೇ ಹೊರತು ದ್ರವ್ಯವಲ್ಲ. ಮುಖ್ಯವಾಗಿ, ಪ್ರತಿಯೊಂದು ಪ್ರತಿಯಲ್ಲಿಯೂ ಕವಿಯ ಹೆಸರು ಉಳಿಯಿತು. ಕಾವ್ಯವು ಕವಿಯದಾಗಿಯೇ ಲೋಕಕ್ಕೆ ಹೋಯಿತು. ಯಂತ್ರದ ತರಬೇತಿಯಲ್ಲಾದರೋ ಸಾವಿರಾರು ಲೇಖಕರ ಶ್ರಮವು ಹೆಸರಿಲ್ಲದೆ ಕರಗಿ, ಚಂದಾ ಹಣಕ್ಕೆ ಮಾರುವ ಸರಕಾಗುತ್ತದೆ. ಎರಡೂ ನಕಲೇ ಆದರೂ ಒಂದು ದಾನ, ಇನ್ನೊಂದು ವ್ಯಾಪಾರ. ವ್ಯಾಪಾರವು ಪಾಪವಲ್ಲ, ಆದರೆ ಅದಕ್ಕೆ ವ್ಯಾಪಾರದ ನಿಯಮವೇ ಅನ್ವಯಿಸಬೇಕು, ದಾನದ ರಿಯಾಯಿತಿಯನ್ನು ಅದು ಕೇಳಲಾಗದು.

ಈ ವಿಷಯದಲ್ಲಿ ಜೈನ ಸಮಾಜದ ಇತಿಹಾಸವೂ ಸರಳವಾಗಿಲ್ಲ. ಷಟ್‌ಖಂಡಾಗಮಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ಧವಲ ಟೀಕೆಯ ಪ್ರಾಚೀನ ತಾಳೆಯೋಲೆಗಳು ಶತಮಾನಗಳ ಕಾಲ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಅವುಗಳಿಗೆ ದರ್ಶನವಿತ್ತು, ಪೂಜೆಯಿತ್ತು, ಅಧ್ಯಯನಕ್ಕೆ ಮಾತ್ರ ಅವಕಾಶ ವಿರಳ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೊಲ್ಲಾಪುರದ ಹಿರಾಚಂದ ನೇಮಚಂದರೂ ಮುಂಬಯಿಯ ಸೇಠ್ ಮಾಣಿಕಚಂದರೂ ಮುತುವರ್ಜಿ ವಹಿಸಿದ್ದರಿಂದ ಓಲೆಗಳ ನಕಲು ಆರಂಭವಾಯಿತು. ಆದರೆ ಪ್ರತಿಗಳು ಹೊರಗೆ ಹೋಗಲು ಬಸದಿಯವರ ಸಮ್ಮತಿಯಿರಲಿಲ್ಲ. ನಕಲಿನ ಕಾರ್ಯದಲ್ಲಿದ್ದ ಪಂಡಿತರೊಬ್ಬರು ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಮಾಡಿಕೊಂಡರು. ಅದು ಉತ್ತರದ ಸಹಾರನಪುರಕ್ಕೆ ಹೋಯಿತು. ಅಲ್ಲಿಂದ ಮತ್ತೆ ಅದೇ ರೀತಿಯಲ್ಲಿ ಪ್ರತಿಗಳು ಹುಟ್ಟಿ ನಾನಾ ಊರುಗಳನ್ನು ಸೇರಿದವು. ಅಂತಹ ಪ್ರತಿಗಳ ಆಧಾರದಿಂದಲೇ ಡಾ. ಹೀರಾಲಾಲ್ ಜೈನರು ಅಮರಾವತಿಯಿಂದ 1939ರಲ್ಲಿ ಧವಲದ ಮೊದಲ ಸಂಪುಟವನ್ನು ಹೊರತಂದರು. 16 ಸಂಪುಟಗಳಲ್ಲಿ ಪೂರ್ಣಗೊಂಡ ಆ ಪ್ರಕಟಣೆಯಿಂದ ಸಮಾಜಕ್ಕಾದ ಉಪಕಾರ ವರ್ಣನಾತೀತ. ಅದಿಲ್ಲದಿದ್ದರೆ ಆಗಮದ ಜ್ಞಾನವು ಇಂದಿಗೂ ಪೆಟ್ಟಿಗೆಯಲ್ಲಿಯೇ ಇರುತ್ತಿತ್ತೇನೋ!

ಹಾಗಾದರೆ ಫಲವು ಒಳ್ಳೆಯದಾದುದರಿಂದ ಮಾರ್ಗವೂ ಒಳ್ಳೆಯದಾಯಿತೆ? ಮುಂದೆ ನಡೆದುದರಲ್ಲಿಯೇ ಇದಕ್ಕೆ ಉತ್ತರವಿದೆ. ಸಂಪಾದಕರು ಪ್ರತಿಗಳು ಬಂದ ದಾರಿಯನ್ನು ಮುಚ್ಚಿಡದೆ ಪ್ರಸ್ತಾವನೆಯಲ್ಲಿ ದಾಖಲಿಸಿದರು. ಪ್ರಕಟಣೆಯ ಬಳಿಕ ಮೂಡುಬಿದಿರೆಯ ಭಟ್ಟಾರಕರ ಹಾಗೂ ಪಂಚರ ಸಹಕಾರ ದೊರೆತು, ಮುಂದಿನ ಪಾಠಗಳನ್ನು ಮೂಲ ಓಲೆಗಳೊಡನೆ ತಾಳೆ ನೋಡುವುದು ಸಾಧ್ಯವಾಯಿತು. ನಕಲಿನ ನಕಲಿನಲ್ಲಿ ಸೇರಿಕೊಂಡಿದ್ದ ತಪ್ಪುಗಳೂ ಬಿಟ್ಟುಹೋದ ಭಾಗಗಳೂ ಆಗ ತಿದ್ದಲ್ಪಟ್ಟವು. ಗುಟ್ಟಾಗಿ ತಂದುದರಿಂದ ಗ್ರಂಥ ದೊರೆಯಿತು. ಒಡನಾಡಿ ಕೇಳಿದುದರಿಂದ ಶುದ್ಧಪಾಠ ದೊರೆಯಿತು. ಜ್ಞಾನವನ್ನು ಅತಿಯಾಗಿ ಬಚ್ಚಿಟ್ಟರೆ ಅದು ಗುಟ್ಟಿನ ದಾರಿಯನ್ನು ತಾನೇ ಹುಟ್ಟಿಸುತ್ತದೆ ಎಂಬ ಎಚ್ಚರಿಕೆಯೂ ಇದರಲ್ಲಿದೆ. ಧವಲದ ಕರ್ತೃವು ಸಹಸ್ರ ವರ್ಷಗಳ ಹಿಂದಿನವರು, ಇಂದಿನ ಲೇಖಕನಾದರೋ ಬರಹದಿಂದಲೇ ಹೊಟ್ಟೆ ಹೊರೆಯುವವನು ಎಂಬ ವ್ಯತ್ಯಾಸವನ್ನು ಮರೆಯಬಾರದು. ಆದರೆ ಸಮ್ಮತಿ, ಬಹಿರಂಗತೆ, ಕರ್ತೃವಿನ ಹೆಸರು ಈ ಮೂರೂ ಎರಡು ಕಡೆಯಲ್ಲಿಯೂ ಬೇಕು.

ಟ್ರಸ್ಟುಗಳ ಹೊಣೆ

ಈಗ ಅನೇಕ ಗ್ರಂಥಭಂಡಾರಗಳಲ್ಲಿ ಓಲೆಗರಿಗಳ, ಹಳೆಯ ಮುದ್ರಿತ ಪುಸ್ತಕಗಳ ಸ್ಕ್ಯಾನಿಂಗ್ ನಡೆಯುತ್ತಿದೆ. ಇದು ಸ್ವಾಗತಾರ್ಹ. ಪಂಪ, ರನ್ನ, ಜನ್ನರ ಮೂಲಪಾಠಕ್ಕೆ ಗ್ರಂಥಸ್ವಾಮ್ಯವಿಲ್ಲ. ಆದರೆ ಆಧುನಿಕ ವಿದ್ವಾಂಸರ ಗದ್ಯಾನುವಾದ, ಟಿಪ್ಪಣಿ, ಪ್ರಸ್ತಾವನೆಗಳಿಗೆ ಅವರ ಮರಣಾನಂತರ 60 ವರ್ಷಗಳವರೆಗೆ ಹಕ್ಕು ಇರುತ್ತದೆ. ಪುಸ್ತಕವನ್ನು ಟ್ರಸ್ಟಿನ ಹಣದಿಂದ ಅಚ್ಚು ಹಾಕಿಸಿದ ಮಾತ್ರಕ್ಕೆ ಆ ಹಕ್ಕು ಟ್ರಸ್ಟಿಗೆ ಬಂದಿತೆಂದು ಭಾವಿಸಲಾಗದು; ಬರಹದ ಮೂಲಕ ವರ್ಗಾವಣೆಯಾಗಿರಬೇಕು. ಹಳೆಯ ಕಡತಗಳನ್ನು ತೆಗೆದು ನೋಡಿ, ಸಂಬಂಧಪಟ್ಟ ವಿದ್ವಾಂಸರ ವಾರಸುದಾರರನ್ನು ಕೇಳುವುದು ಯೋಗ್ಯ.

ಸ್ಕ್ಯಾನ್ ಮಾಡಿಕೊಡುವ ಸಂಸ್ಥೆಯೊಡನೆ ಕರಾರು ಬರೆಯುವಾಗ ಪ್ರತಿಗಳು ಯಾರ ವಶದಲ್ಲಿರುತ್ತವೆ, ಓದಲು ಮಾತ್ರವೋ ಯಂತ್ರದ ತರಬೇತಿಗೂ ಬಳಕೆಯಾಗುತ್ತವೆಯೋ, ಆದರೆ ಷರತ್ತೇನು ಎಂಬುದನ್ನು ಸ್ಪಷ್ಟವಾಗಿ ಬರೆಯಿಸಬೇಕು. ಕೊಡುವುದಾದರೆ ತಿಳಿದು ಕೊಡಬೇಕು. ಕನ್ನಡದ ಗ್ರಂಥಗಳು ಯಂತ್ರಕ್ಕೆ ಸಿಗದೆ ಹೋದರೆ ಅದು ಕನ್ನಡವನ್ನೂ ಜೈನ ಪರಿಭಾಷೆಯನ್ನೂ ತಪ್ಪಾಗಿ ನುಡಿಯುವ ಅಪಾಯವಿರುವುದರಿಂದ, ಹಕ್ಕು ಮುಗಿದ ಪಾಠಗಳನ್ನು ಸಂಪಾದಕರ ಹೆಸರಿನೊಡನೆ ಬಹಿರಂಗವಾಗಿ ಒದಗಿಸುವುದು ಶಾಸ್ತ್ರದಾನದ ಒಂದು ಹೊಸ ಬಗೆಯೇ ಆದೀತು. ಹಾಗೆಯೇ ಸ್ಮರಣಸಂಚಿಕೆಗೆ, ಪಂಚಕಲ್ಯಾಣದ ಆಹ್ವಾನಪತ್ರಿಕೆಗೆ ಯಂತ್ರದಿಂದ ಬರಹವನ್ನೋ ಚಿತ್ರವನ್ನೋ ಮಾಡಿಸಿಕೊಳ್ಳುವವರು, ಅದು ಜೀವಂತ ಕಲಾವಿದನೊಬ್ಬನ ಶೈಲಿಯ ಅನುಕರಣೆಯಾಗಿ ಅವನ ಕೆಲಸವನ್ನು ಕಸಿಯುತ್ತಿಲ್ಲವೆಂದು ಪರೀಕ್ಷಿಸಬೇಕು.

ಕಾನೂನು ಇನ್ನೂ ರೂಪುಗೊಳ್ಳುತ್ತಿದೆ. ಒಂದು ದೇಶದಲ್ಲಿ ಸರಿಯೆನಿಸಿದ್ದು ಇನ್ನೊಂದರಲ್ಲಿ ತಪ್ಪೆನಿಸಬಹುದು. ವ್ರತವು ಮಾತ್ರ ಅದಕ್ಕಾಗಿ ಕಾಯುವುದಿಲ್ಲ. ಪ್ರತಿಯೊಂದು ಬಸದಿಯ ಆಡಳಿತ ಮಂಡಳಿಯೂ ತನ್ನ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ, ಭಂಡಾರದಲ್ಲಿರುವುದೇನು, ಅದರಲ್ಲಿ ಕೊಡಲು ತನಗೆ ಅಧಿಕಾರವಿರುವುದೆಷ್ಟು ಎಂಬುದರ ಪಟ್ಟಿಯನ್ನು ಸಿದ್ಧಪಡಿಸುವುದು ಶ್ರೇಯಸ್ಕರ.